ಬ್ರಾಡ್‌ವೇ ಪಕ್ಕದ ನೆಲದಡಿ 419 ಮಂದಿ: ಕಳೆದುಹೋದ ಸ್ಮಶಾನಕ್ಕೆ ಸ್ಮಾರಕ ಕಟ್ಟುವುದು ಹೇಗೆ?

ನ್ಯೂಯಾರ್ಕ್ ನಗರದ 1755ರ ಒಂದು ನಕ್ಷೆಯಲ್ಲಿ, ಆಗಿನ ಊರಿನ ಉತ್ತರದಂಚಿನಲ್ಲಿ, 'ನೀಗ್ರೋಗಳ ಸ್ಮಶಾನ' ಎಂದು ಸ್ಪಷ್ಟವಾಗಿ ಬರೆದ ಜಾಗವೊಂದಿದೆ. ಇವತ್ತು ಆ ಜಾಗ ಕೆಳ ಮ್ಯಾನ್‌ಹ್ಯಾಟನ್‌ನ ಕಚೇರಿ ಕಟ್ಟಡಗಳ ನಟ್ಟನಡುವೆ ಇದೆ. 1991ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಬ್ರಾಡ್‌ವೇ, ಡುವೇನ್, ಎಲ್ಕ್, ರೀಡ್ ಬೀದಿಗಳ ನಡುವಿನ ನಿವೇಶನದಲ್ಲಿ 34 ಮಹಡಿಯ ಕಚೇರಿ ಕಟ್ಟಲು ಹೊರಟಿತು. ಕಟ್ಟುವ ಹೊಣೆ ಹೊತ್ತದ್ದು ಸರ್ಕಾರಿ ಕಟ್ಟಡಗಳನ್ನು ನೋಡಿಕೊಳ್ಳುವ ಜನರಲ್ ಸರ್ವೀಸಸ್ ಅಡ್ಮಿನಿಸ್ಟ್ರೇಷನ್, ಅಂದರೆ ಜಿಎಸ್‌ಎ. ನಕ್ಷೆಯ ವಿಷಯ ಆ ಇಲಾಖೆಗೆ ಗೊತ್ತಿತ್ತು. ಆದರೆ 19ನೇ ಶತಮಾನದ ಕಟ್ಟಡಗಳ ನೆಲಮಾಳಿಗೆಗಳು ಹಳೆಯ ಗುಣಿಗಳನ್ನೆಲ್ಲ ಯಾವತ್ತೋ ಕಿತ್ತುಹಾಕಿರುತ್ತವೆ ಎಂದು ಸಲಹೆಗಾರರು ಅಂದಾಜಿಸಿದ್ದರು.

ಅಂದಾಜು ತಪ್ಪಿತು. ಅಲ್ಲಿನ ನೆಲ ಹಿಂದೆ ತಗ್ಗಾಗಿತ್ತು. ನಗರ ಬೆಳೆದಂತೆ ಮಣ್ಣು ಸುರಿದು ಸುರಿದು ಅದನ್ನು ಎತ್ತರಿಸಿದ್ದರು. ಹಾಗಾಗಿ ಸಮಾಧಿಗಳು ಇಂದಿನ ರಸ್ತೆ ಮಟ್ಟಕ್ಕಿಂತ 16ರಿಂದ 28 ಅಡಿ ಕೆಳಗೆ, ನೆಲಮಾಳಿಗೆಗಳ ಕೈಗೆ ಸಿಗದ ಆಳದಲ್ಲಿ ಉಳಿದಿದ್ದವು. ಅಗೆತ ನಿಲ್ಲುವಷ್ಟರಲ್ಲಿ 419 ಮಂದಿಯ ಅಸ್ಥಿಗಳು ಹೊರಬಂದಿದ್ದವು. ಇಡೀ ಸ್ಮಶಾನ ಆರು ಎಕರೆಗೂ ಹೆಚ್ಚು ಹಬ್ಬಿತ್ತು. ಅಲ್ಲಿ ಹೂಳಲಾದವರು ಸುಮಾರು 15,000 ಎಂಬುದು ವಿದ್ವಾಂಸರ ಲೆಕ್ಕ. ಉಳಿದವರು ಈಗಲೂ ಸುತ್ತಲಿನ ಕಟ್ಟಡ, ರಸ್ತೆಗಳ ಕೆಳಗೇ ಇದ್ದಾರೆ.

ಗುಲಾಮರಾಗಿದ್ದ ಆಫ್ರಿಕನ್ನರ ಸ್ಮಶಾನ ಸಿಕ್ಕ ಇಂಥ ಸುದ್ದಿ ಕಳೆದ ಮೂರು ದಶಕಗಳಲ್ಲಿ ಮತ್ತೆ ಮತ್ತೆ ಬಂದಿದೆ: ಅಮೆರಿಕದ ಪೋರ್ಟ್ಸ್‌ಮತ್, ಚಾರ್ಲ್ಸ್‌ಟನ್, ರಿಚ್ಮಂಡ್, ರಿಯೊ ಡಿ ಜನೈರೊ, ಪೋರ್ಚುಗಲ್‌ನ ಲಾಗೋಸ್, ಸೇಂಟ್ ಹೆಲೀನಾ ದ್ವೀಪ. ಪ್ರತಿ ಸಲವೂ ಚರ್ಚೆ ಬೇಗನೆ ಸ್ಮಾರಕದ ವಿನ್ಯಾಸಕ್ಕೆ ಹಾರುತ್ತದೆ. ಯಾವ ಕಲ್ಲು, ಯಾವ ಶಿಲ್ಪಿ, ಎಷ್ಟು ಹಣ ಎಂದು. ಈ ಪ್ರಕರಣಗಳನ್ನು ಒಟ್ಟಿಗಿಟ್ಟು ನೋಡಿದರೆ ಬೇರೆಯದೇ ತೋರುತ್ತದೆ. ಮೊದಲ ಎಲುಬು ಕಂಡ ದಿನ 'ಕೆಲಸ ನಿಲ್ಲಿಸಿ' ಎನ್ನುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದರಲ್ಲಿ ಸ್ಮಾರಕದ ಅರ್ಧ ಹಣೆಬರಹ ಬರೆದಾಗಿರುತ್ತದೆ. ಮಿಕ್ಕ ಅರ್ಧ, ಸ್ಮಾರಕ ಉದ್ಘಾಟನೆಯಾದ ಮೇಲೆ ನೆಲದ ಮೇಲಿನ ಹಕ್ಕು ಯಾರ ಹೆಸರಿನಲ್ಲಿ ದಾಖಲಾಯಿತು ಎಂಬುದರಲ್ಲಿ.

ಮೊದಲು ಕೈಬಿಟ್ಟದ್ದು, ಆಮೇಲೆ ಮರೆತದ್ದು

ಈ ಸ್ಮಶಾನಗಳು ತಾವಾಗಿ ಕಳೆದುಹೋದವಲ್ಲ. 1697ರಲ್ಲಿ ನ್ಯೂಯಾರ್ಕಿನ ಟ್ರಿನಿಟಿ ಚರ್ಚ್ ತನ್ನ ಅಂಗಳದಲ್ಲಿ ಆಫ್ರಿಕನ್ನರನ್ನು ಹೂಳುವುದನ್ನು ನಿಷೇಧಿಸಿತು. ಊರಾಚೆಯ ತಗ್ಗು ನೆಲವೇ ಅವರ ಪಾಲಿಗೆ ಉಳಿಯಿತು. 18ನೇ ಶತಮಾನದ ನಡುವಿನ ಹೊತ್ತಿಗೆ ನಗರದ ಐದರಲ್ಲೊಂದು ಪಾಲು ಜನ ಆಫ್ರಿಕನ್ ಮೂಲದವರು, ಬಹುಪಾಲು ಗುಲಾಮಗಿರಿಯಲ್ಲಿದ್ದವರು. ಹಡಗುಕಟ್ಟೆಯಲ್ಲಿ ಹೊರೆ ಹೊತ್ತವರು, ರಸ್ತೆ ಹಾಕಿದವರು, ಅಡುಗೆ ಮಾಡಿದವರು ಅವರೇ. 1722ರ ಕಾನೂನಿನಂತೆ ಅವರ ಶವಸಂಸ್ಕಾರ ಸೂರ್ಯ ಮುಳುಗುವ ಮೊದಲೇ ಮುಗಿಯಬೇಕಿತ್ತು. 1731ರಲ್ಲಿ ಶವದ ಜೊತೆ ಹೋಗುವವರ ಸಂಖ್ಯೆಯನ್ನು 12ಕ್ಕೆ ಇಳಿಸಿದರು. ಜನ ಗುಂಪುಗೂಡಿದರೆ ದಂಗೆ ಎದ್ದಾರು ಎಂಬ ಭಯ. ಮಣ್ಣು ಕೊಟ್ಟ ಮೇಲೂ ನೆಮ್ಮದಿ ಇರಲಿಲ್ಲ: ವೈದ್ಯ ವಿದ್ಯಾರ್ಥಿಗಳು ಕೊಯ್ದು ಕಲಿಯಲು ಹೆಣಗಳನ್ನು ಅಗೆದು ಒಯ್ಯುತ್ತಿದ್ದಾರೆ, ತಡೆಯಿರಿ ಎಂದು ನಗರದ ಕರಿಯರು 1788ರ ಫೆಬ್ರುವರಿಯಲ್ಲಿ ನಗರಸಭೆಗೆ ಅರ್ಜಿ ಕೊಟ್ಟರು. 1790ರ ದಶಕದ ನಡುವೆ ಸ್ಮಶಾನ ಮುಚ್ಚಿತು. ನೆಲವನ್ನು ನಿವೇಶನಗಳಾಗಿ ಒಡೆದು ಮಾರಿದರು.

ಆ 1788ರ ಅರ್ಜಿಯನ್ನು ಇಲ್ಲಿ ಎತ್ತುವುದಕ್ಕೆ ಕಾರಣವಿದೆ. ಈ ನೆಲವನ್ನು ಕಾಪಾಡಿ ಎಂದು ಕೇಳಿದವರು ಆಗಲೂ ಇದ್ದರು. ಯಾರಿಗೂ ನೆನಪಿರಲಿಲ್ಲ ಎಂಬ ಮಾತನ್ನು ಸರ್ಕಾರಗಳು ಇಂದಿಗೂ ಸುಲಭವಾಗಿ ಹೇಳಿಬಿಡುತ್ತವೆ. ಒಂದು ಸಮುದಾಯಕ್ಕೆ ನೆನಪಿದ್ದದ್ದು ನಗರದ ಕಡತಕ್ಕೆ ಬೇಡವಾಗಿತ್ತು, ಅಷ್ಟೇ.

'ನಿಲ್ಲಿಸಿ' ಎನ್ನುವವರು ಯಾರು?

ಅಮೆರಿಕದಲ್ಲಿ ಕೇಂದ್ರದ ಹಣ ಅಥವಾ ಪರವಾನಗಿ ಇರುವ ಯಾವುದೇ ಕಾಮಗಾರಿಗೆ 1966ರ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಕಾಯ್ದೆಯ 106ನೇ ಕಲಮು ಅನ್ವಯಿಸುತ್ತದೆ. ಐತಿಹಾಸಿಕ ಸ್ಥಳದ ಮೇಲೆ ಕಾಮಗಾರಿಯಿಂದ ಏನು ಪರಿಣಾಮವಾಗುತ್ತದೆ ಎಂದು ಇಲಾಖೆ ಪರಿಶೀಲಿಸಬೇಕು, ಸಂಬಂಧಪಟ್ಟವರ ಮಾತು ಕೇಳಬೇಕು. ಅಲ್ಲಿಗೆ ಮುಗಿಯಿತು. ಕೇಳಿಸಿಕೊಂಡ ಮೇಲೆ ಆ ಸ್ಥಳವನ್ನು ಉಳಿಸಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಮೂಲನಿವಾಸಿಗಳ ಸಮಾಧಿಗಳಿಗೆ 1990ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ಕೇಂದ್ರದ ನೆಲದಲ್ಲಿ ಅವರ ಅಸ್ಥಿ ಆಕಸ್ಮಿಕವಾಗಿ ಸಿಕ್ಕರೆ ಆ ಜಾಗದಲ್ಲಿ ಕೆಲಸ ನಿಲ್ಲಬೇಕು, ಬುಡಕಟ್ಟಿಗೆ ತಿಳಿಸಬೇಕು. ಆಫ್ರಿಕನ್ ಅಮೆರಿಕನ್ನರ ಸಮಾಧಿಗಳಿಗೆ ಅಂಥ ರಕ್ಷಣೆ ಇರಲಿಲ್ಲ.

ಪರಿಣಾಮ ಬ್ರಾಡ್‌ವೇ ಪಕ್ಕದ ನಿವೇಶನದಲ್ಲಿ ಕಣ್ಣಿಗೆ ಹೊಡೆದು ಕಾಣುತ್ತಿತ್ತು. ಒಂದು ಕಡೆ ಪುರಾತತ್ವಜ್ಞರು ಕುಂಚ ಹಿಡಿದು ಎಲುಬು ಬಿಡಿಸುತ್ತಿದ್ದರೆ, ಇನ್ನೊಂದು ಕಡೆ ಗುತ್ತಿಗೆದಾರರ ಯಂತ್ರಗಳು ಓಡುತ್ತಿದ್ದವು. ಪ್ರತಿ ದಿನದ ವಿಳಂಬಕ್ಕೂ ಇಲಾಖೆ ಹಣ ತೆರಬೇಕಿತ್ತು, ಆ ಒತ್ತಡವೆಲ್ಲ ಅಗೆಯುವವರ ಮೇಲೆ ಬಿತ್ತು. 1992ರ ಆರಂಭದಲ್ಲಿ ಹಳೆಯ ನಕಾಶೆ ಹಿಡಿದು ಕೆಲಸ ಮಾಡುತ್ತಿದ್ದ ತಂಡವೊಂದು ಸಮಾಧಿಗಳಿದ್ದ ಜಾಗದಲ್ಲೇ ಪಾಯಕ್ಕೆ ಕಾಂಕ್ರೀಟು ಸುರಿಯಿತು. ಹಲವು ಸಮಾಧಿಗಳು ಹಾಳಾದವು. ಪರಿಷ್ಕೃತ ನಕಾಶೆ ಕಚೇರಿಯಲ್ಲಿದ್ದು, ಸ್ಥಳದಲ್ಲಿರುವ ಯಂತ್ರ ಚಾಲಕನ ಕೈ ಸೇರದೇ ಹೋಗುವುದು ಇಂಥ ಕಾಮಗಾರಿಗಳಲ್ಲಿ ಅತಿ ಸಾಮಾನ್ಯವಾದ ಅನಾಹುತ. ನಿಷೇಧಿತ ಪ್ರದೇಶಕ್ಕೆ ನೆಲದ ಮೇಲೆಯೇ ಬೇಲಿ ಬೀಳಬೇಕು, ಪ್ರತಿ ಪಾಳಿಯ ಆರಂಭದಲ್ಲಿ ಆ ದಿನದ ನಕಾಶೆಗೆ ಪುರಾತತ್ವಜ್ಞರ ಸಹಿ ಇರಬೇಕು. ಇಲ್ಲದಿದ್ದರೆ ಒಪ್ಪಂದದಲ್ಲಿ ಎಷ್ಟು ಚೆಂದದ ಮಾತು ಬರೆದಿದ್ದರೂ ವ್ಯರ್ಥ.

ಕೊನೆಗೆ ಕೆಲಸ ನಿಲ್ಲಿಸಿದ್ದು ಪುರಾತತ್ವದ ನಿಯಮವಲ್ಲ. ನಗರದ ಕರಿಯ ಸಮುದಾಯ ಬೀದಿಗಿಳಿಯಿತು, ನಿವೇಶನದ ಬಳಿ ಜಾಗರಣೆ ಕೂತಿತು. ಮೇಯರ್ ಡೇವಿಡ್ ಡಿಂಕಿನ್ಸ್, ರಾಜ್ಯ ಸೆನೆಟರ್ ಡೇವಿಡ್ ಪ್ಯಾಟರ್ಸನ್ ದನಿಗೂಡಿಸಿದರು. 1992ರ ಜುಲೈನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯ ಗಸ್ ಸ್ಯಾವೇಜ್ ವಿಚಾರಣೆ ನಡೆಸಿದರು. ಜಿಎಸ್‌ಎ ಕಾಮಗಾರಿಗಳಿಗೆ ಒಪ್ಪಿಗೆ ಕೊಡುವ ಉಪಸಮಿತಿಯ ಅಧ್ಯಕ್ಷರು ಅವರೇ. ಅಗೆತ ಮುಂದುವರಿದರೆ ಇಲಾಖೆಯ ಮುಂದಿನ ಯೋಜನೆಗಳು ತಮ್ಮ ಸಮಿತಿಯಲ್ಲಿ ಪಾಸಾಗುವುದಿಲ್ಲ ಎಂಬುದನ್ನು ಅವರು ಮುಚ್ಚುಮರೆಯಿಲ್ಲದೆ ತಿಳಿಸಿದರು. ಆ ತಿಂಗಳೇ ಅಗೆತ ನಿಂತಿತು. ಅಕ್ಟೋಬರಿನಲ್ಲಿ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ ಸಹಿ ಹಾಕಿದ ಕಾನೂನು, ಗೋಪುರದ ಪಕ್ಕ ಕಟ್ಟಬೇಕಿದ್ದ ನಾಲ್ಕು ಮಹಡಿಯ ಕಟ್ಟಡವನ್ನು ಕೈಬಿಟ್ಟು, ಸ್ಮಾರಕಕ್ಕೆ 30 ಲಕ್ಷ ಡಾಲರ್ ಒದಗಿಸಿತು. ಇಂದಿನ ಸ್ಮಾರಕ ನಿಂತಿರುವುದು ಹಾಗೆ ಉಳಿದ ಜಾಗದಲ್ಲಿ, ಒಂದು ಎಕರೆಯ ಮೂರನೇ ಒಂದಂಶದಷ್ಟರಲ್ಲಿ. 34 ಮಹಡಿಯ ಗೋಪುರ ಮಾತ್ರ ಅಂದುಕೊಂಡಂತೆಯೇ ಎದ್ದಿತು.

ಅಂದರೆ ಹಣದ ಚೀಲದ ದಾರ ಹಿಡಿದ ಒಬ್ಬ ಕರಿಯ ಸಂಸದ ಆ ಕುರ್ಚಿಯಲ್ಲಿ ಇರದಿದ್ದರೆ ಏನಾಗುತ್ತಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಪೋರ್ಚುಗಲ್‌ನ ಲಾಗೋಸ್‌ನಲ್ಲಿ 2009ರಲ್ಲಿ ಕಾರು ನಿಲ್ದಾಣ ಕಟ್ಟುವಾಗ 150ಕ್ಕೂ ಹೆಚ್ಚು ಆಫ್ರಿಕನ್ನರ ಅಸ್ಥಿಗಳು ಸಿಕ್ಕವು. ಮಧ್ಯಯುಗದ ಕೋಟೆಗೋಡೆಯಾಚೆಯ ಕಸದ ಗುಂಡಿಯಲ್ಲಿ ಎಸೆದಿದ್ದ ದೇಹಗಳು ಅವು. ಕೆಲವರ ಕೈಕಾಲು ಕಟ್ಟಿದ್ದ ಕುರುಹೂ ಇತ್ತು. ಅಸ್ಥಿಗಳನ್ನು ತೆಗೆದು ಸಾಗಿಸಿದ ಮೇಲೆ ಕಾರು ನಿಲ್ದಾಣ ಅಲ್ಲೇ ಕಟ್ಟಲ್ಪಟ್ಟಿತು. ಯುರೋಪಿನ ಗುಲಾಮ ವ್ಯಾಪಾರ ಶುರುವಾದ ಬಂದರುಗಳಲ್ಲಿ ಲಾಗೋಸ್ ಒಂದು. ಆದರೆ ಅಲ್ಲಿ 'ನಿಲ್ಲಿಸಿ' ಎಂದು ಗದರಬಲ್ಲ ವಂಶಸ್ಥರ ಸಂಘಟನೆ ಅಂದು ಇರಲಿಲ್ಲ.

ವಂಶಸ್ಥರು ಯಾರು?

ಹೆಸರೇ ದಾಖಲಾಗದವರ ವಂಶಸ್ಥರನ್ನು ಗುರುತಿಸುವುದು ಹೇಗೆ ಎಂಬ ಪ್ರಶ್ನೆ ನ್ಯೂಯಾರ್ಕಿನಲ್ಲಿ ಬೇಗ ಎದುರಾಯಿತು. ಮೊದಲ ತಂಡ ಅಸ್ಥಿಗಳನ್ನು ಅಳೆದು ಅವು ಯಾವ 'ಜನಾಂಗ'ದವು ಎಂದು ವಿಂಗಡಿಸುವ ಕ್ರಮ ಇಟ್ಟುಕೊಂಡಿತ್ತು. ತೇವ, ಉಷ್ಣದ ನಿಯಂತ್ರಣ ಸರಿಯಿಲ್ಲದ ಕಡೆ ಅಸ್ಥಿಗಳನ್ನು ಇಟ್ಟಿದ್ದಾರೆ ಎಂಬ ಟೀಕೆಯೂ ಬಂತು. ಸಮುದಾಯದ ಒತ್ತಾಯದ ಮೇಲೆ 1993ರಲ್ಲಿ ಅಸ್ಥಿಗಳು ಕರಿಯರ ಶಿಕ್ಷಣಕ್ಕೆ ಹೆಸರಾದ ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ ಹೋದವು. ಮಾನವಶಾಸ್ತ್ರಜ್ಞ ಮೈಕೆಲ್ ಬ್ಲೇಕಿ ಅಲ್ಲಿ ತಂದ ಬದಲಾವಣೆ ಇಂದು ಈ ಕ್ಷೇತ್ರದ ನಡವಳಿಕೆಯನ್ನೇ ತಿದ್ದಿದೆ. ಹಣ ಕೊಡುವ ಜಿಎಸ್‌ಎ ವ್ಯವಹಾರದ ಲೆಕ್ಕದಲ್ಲಿ ಗ್ರಾಹಕ. ನೀತಿಯ ಲೆಕ್ಕದಲ್ಲಿ ಗ್ರಾಹಕರು ವಂಶಸ್ಥ ಸಮುದಾಯ ಎಂದು ಅವರು ಸಾರಿದರು. ಯಾವ ಪ್ರಶ್ನೆಗಳನ್ನು ಅಧ್ಯಯನ ಮಾಡಬೇಕು ಎಂಬುದನ್ನು ಸಾರ್ವಜನಿಕ ಸಭೆಗಳಲ್ಲಿ ನಿರ್ಧರಿಸಿದರು. ನಾಲ್ಕು ಪ್ರಶ್ನೆ ನಿಂತವು: ಇವರು ಎಲ್ಲಿಂದ ಬಂದರು, ಹೇಗೆ ಬದುಕಿದರು, ಆಫ್ರಿಕನ್ನರು ಆಫ್ರಿಕನ್ ಅಮೆರಿಕನ್ನರಾಗಿ ಹೇಗೆ ಬದಲಾದರು, ಹೇಗೆ ಪ್ರತಿರೋಧಿಸಿದರು.

ಪ್ರಶ್ನೆ ಬದಲಾದಾಗ ಎಲುಬು ಹೇಳಿದ್ದೂ ಬೇರೆಯಾಯಿತು. ನೂರಕ್ಕೆ 40ಕ್ಕೂ ಹೆಚ್ಚು ಮಂದಿ ಮಕ್ಕಳು. ಸ್ನಾಯು ಎಲುಬಿಗೆ ಅಂಟುವ ಕಡೆ, ಅತಿಭಾರ ಹೊತ್ತು ಹರಿದ ಗುರುತುಗಳು. ಇವು ಹೆಂಗಸರಲ್ಲೂ ಇದ್ದವು. ಮಗುವಾಗಿದ್ದಾಗ ಹಸಿವು, ಕಾಯಿಲೆ ಬಂದದ್ದನ್ನು ಹಲ್ಲಿನ ಹೊರಪದರದ ಗೆರೆಗಳು ತೋರಿಸಿದವು. ಅರೆದು ಆಕಾರ ಕೊಟ್ಟ ಹಲ್ಲುಗಳಿದ್ದವರು ಬಹುಶಃ ಆಫ್ರಿಕಾದಲ್ಲೇ ಹುಟ್ಟಿ ಬಂದವರು. 340ನೇ ಸಮಾಧಿಯ ಹೆಂಗಸಿನ ಸೊಂಟದ ಸುತ್ತ ನೂರಕ್ಕೂ ಮಿಕ್ಕಿ ಮಣಿ, ಕವಡೆ ಇದ್ದವು. 25ನೇ ಸಮಾಧಿಯ ಯುವತಿಯ ಪಕ್ಕೆಲುಬಿನ ಗೂಡಿನಲ್ಲಿ ಬಂದೂಕಿನ ಗುಂಡು ಇತ್ತು. ಮುಖಕ್ಕೆ ಪೆಟ್ಟು ಬಿದ್ದಿತ್ತು, ಮುಂಗೈ ತಿರುಚಿ ಮುರಿದಿತ್ತು. ಅಮೆರಿಕದ ಉತ್ತರದ ನಗರಗಳಲ್ಲಿ ಗುಲಾಮಗಿರಿ ಸೌಮ್ಯವಾಗಿತ್ತು ಎಂಬ ಪಠ್ಯಪುಸ್ತಕದ ಮಾತಿಗೆ ಈ ಒಬ್ಬಳ ದೇಹವೇ ಉತ್ತರ.

ಡಿಎನ್‌ಎ ಬಂದ ಮೇಲೆ ವಂಶಸ್ಥರ ಪ್ರಶ್ನೆ ಇನ್ನೂ ಸೂಕ್ಷ್ಮವಾಗಿದೆ. ಮೇರಿಲ್ಯಾಂಡಿನ ಕಟಾಕ್ಟಿನ್ ಎಂಬ ಹಳೆಯ ಕಬ್ಬಿಣದ ಕುಲುಮೆಯ ಸ್ಮಶಾನದಿಂದ ಹಿಂದೆ ಹೆದ್ದಾರಿಗಾಗಿ ತೆಗೆದಿದ್ದ ಅಸ್ಥಿಗಳ ಪೈಕಿ 27 ಮಂದಿಯ ಡಿಎನ್‌ಎಯನ್ನು ಒಂದು ಖಾಸಗಿ ಕಂಪನಿಯ ದತ್ತಾಂಶದ ಜೊತೆ ಹೋಲಿಸಿದಾಗ, 41,799 ಮಂದಿಗೆ ಅವರೊಂದಿಗೆ ರಕ್ತಸಂಬಂಧ ಕಂಡಿತು ಎಂದು 2023ರಲ್ಲಿ ಪ್ರಕಟವಾಯಿತು. ಬೆರಗಿನ ಸಾಧನೆ. ಆದರೆ ಆ ಸಾವಿರಾರು ಮಂದಿಯಲ್ಲಿ ಬಹುಪಾಲಿನವರ ನಂಟು ತೀರಾ ದೂರದ್ದು. ಪ್ರಯೋಗಾಲಯದ ಪಟ್ಟಿಯಲ್ಲಿ ಹೆಸರಿರುವವರೇ ವಂಶಸ್ಥರು ಎಂದು ಹೊರಟರೆ, ಪೀಳಿಗೆಗಳಿಂದ ಆ ಊರಲ್ಲೇ ಉಳಿದು ಸ್ಮಶಾನಕ್ಕಾಗಿ ಹೋರಾಡಿದವರು ಹೊರಗೆ ನಿಲ್ಲಬೇಕಾಗುತ್ತದೆ. ಚಾರ್ಲ್ಸ್‌ಟನ್‌ನಲ್ಲಿ ಕ್ರಮ ಚೆನ್ನಾಗಿತ್ತು. 2013ರಲ್ಲಿ ರಂಗಮಂದಿರದ ಕಾಮಗಾರಿಯಲ್ಲಿ ಸಿಕ್ಕ 36 ಮಂದಿಯ ಬಗ್ಗೆ ಮೊದಲು ಸ್ಥಳೀಯ ಕರಿಯ ಸಮುದಾಯವನ್ನು ಕೇಳಿದರು, ಅವರು ಒಪ್ಪಿದ ಮೇಲೆ ಡಿಎನ್‌ಎ ತೆಗೆದರು. 2019ರಲ್ಲಿ ಮರಳಿ ಹೂಳುವ ಮುನ್ನ ನಾಮಕರಣವೂ ನಡೆಯಿತು. ಹೆಸರು ಕಳೆದುಕೊಂಡಿದ್ದ 36 ಮಂದಿಗೂ ಒಂದೊಂದು ಹೆಸರು ಸಿಕ್ಕಿತು.

ಕೇಳುವುದು ಬೇರೆ, ನಿರ್ಧಾರದಲ್ಲಿ ಪಾಲು ಕೊಡುವುದು ಬೇರೆ. ವರ್ಜೀನಿಯಾದ ಮೌಂಟ್‌ಪೀಲಿಯರ್, ಅಮೆರಿಕದ ನಾಲ್ಕನೇ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ ಅವರ ಎಸ್ಟೇಟು. ಅಲ್ಲಿ ದುಡಿದ ಗುಲಾಮರ ವಂಶಸ್ಥರಿಗೆ ಆಡಳಿತ ಮಂಡಳಿಯಲ್ಲಿ ಸಮಪಾಲು ಕೊಡಲು 2021ರ ಜೂನ್‌ನಲ್ಲಿ ಮಂಡಳಿ ಒಪ್ಪಿತು. 2022ರ ಮಾರ್ಚಿನಲ್ಲಿ ಅದೇ ಮಂಡಳಿ ಮಾತು ಹಿಂತೆಗೆದುಕೊಂಡಿತು, ಮುಂದಿನ ತಿಂಗಳು ವಂಶಸ್ಥರ ಪರ ನಿಂತ ಹಿರಿಯ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಿತು. ದೇಶವ್ಯಾಪಿ ಟೀಕೆಯ ನಂತರ ಮೇ ತಿಂಗಳಲ್ಲಿ ವಂಶಸ್ಥರ ಸಮಿತಿ ಸೂಚಿಸಿದವರು ಮಂಡಳಿಗೆ ಬಂದರು. ಆ ಎರಡು ತಿಂಗಳಲ್ಲಿ ಕಂಡದ್ದು ಇಷ್ಟು: ಸಲಹಾ ಸಮಿತಿ ರಚಿಸಲು ಯಾವ ಸಂಸ್ಥೆಯೂ ಹಿಂಜರಿಯುವುದಿಲ್ಲ, ಮತ ಹಾಕುವ ಸ್ಥಾನ ಕೊಡುವಾಗ ಮಾತ್ರ ಕೈ ನಡುಗುತ್ತದೆ.

ಅಗೆಯದೆ ಗುರುತಿಸುವುದು

ಇನ್ನು ಅಗೆಯಬೇಕಾದ ಅಗತ್ಯವೇ ಇಲ್ಲದ ಕಡೆ ಏನು ಮಾಡಬೇಕು? ಬಹುಪಾಲು ತೋಟಗಳ, ಚರ್ಚುಗಳ ಹಿಂದಿನ ಸ್ಮಶಾನಗಳ ಸ್ಥಿತಿ ಇದೇ. ಇಲ್ಲಿ ಆತುರವಿಲ್ಲ, ತಾಳ್ಮೆ ಇದ್ದರೆ ಒಂದು ಎಲುಬನ್ನೂ ಕದಲಿಸದೆ ಗಡಿ ಗುರುತಿಸಬಹುದು.

ಶುರುವಾಗಬೇಕಾದದ್ದು ಕಾಗದದಿಂದ. ಹಳೆಯ ಕ್ರಯಪತ್ರಗಳಲ್ಲಿ 'ಸ್ಮಶಾನ ಹೊರತುಪಡಿಸಿ' ಎಂಬ ಒಂದು ಸಾಲು, ಚರ್ಚಿನ ಮರಣ ದಾಖಲೆ, ಯಜಮಾನ ಸತ್ತಾಗ ಗುಲಾಮರನ್ನು ದನಕರುಗಳ ಜೊತೆ ಬೆಲೆಕಟ್ಟಿ ಬರೆದ ಆಸ್ತಿಪಟ್ಟಿ, ಓಡಿಹೋದವರನ್ನು ಹಿಡಿದುಕೊಡಿ ಎಂಬ ಪತ್ರಿಕಾ ಜಾಹೀರಾತು, ಹಳೆಯ ವೈಮಾನಿಕ ಚಿತ್ರ. ಸ್ಮಾರಕದಲ್ಲಿ ಮುಂದೆ ಕೆತ್ತಬಹುದಾದ ಹೆಸರುಗಳು ಸಿಗುವುದೂ ಇವುಗಳಲ್ಲೇ. ಆಮೇಲೆ ಚಳಿಗಾಲದಲ್ಲಿ, ಎಲೆ ಉದುರಿ ನೆಲ ಕಾಣುವಾಗ, ಕಾಲ್ನಡಿಗೆಯ ಹುಡುಕಾಟ. ಮಣ್ಣು ಕುಸಿದು ಆದ ಉದ್ದನೆಯ ತಗ್ಗುಗಳು ಸಾಲಾಗಿ ಪೂರ್ವ-ಪಶ್ಚಿಮಕ್ಕೆ ಚಾಚಿದ್ದರೆ ಅದು ಬಲವಾದ ಸುಳಿವು. ತಲೆಗೊಂದು, ಕಾಲಿಗೊಂದು ನೆಟ್ಟ ಅಕ್ಷರವಿಲ್ಲದ ಕಾಡುಕಲ್ಲು. ನೆಲಕ್ಕೆ ಹಬ್ಬಿದ ವಿಂಕಾ ಬಳ್ಳಿ, ಯಕ್ಕಾ ಗಿಡ. ದಕ್ಷಿಣದ ರಾಜ್ಯಗಳಲ್ಲಿ ಸಮಾಧಿಯ ಮೇಲಿಟ್ಟ ಶಂಖ-ಚಿಪ್ಪು, ಒಡೆದ ತಟ್ಟೆ, ಗಾಜಿನ ಬಾಟಲಿ. ಸ್ವಚ್ಛತಾ ಅಭಿಯಾನಕ್ಕೆ ಬಂದ ಉತ್ಸಾಹಿಗಳು ಕಸ ಎಂದು ಹೊತ್ತೊಯ್ಯುವುದು ಇವನ್ನೇ. ತಟ್ಟೆಯನ್ನು ಬೇಕೆಂದೇ ಒಡೆದು ಇಟ್ಟಿರುತ್ತಾರೆ. ಅದನ್ನು ಎತ್ತಿದರೆ ಸಮಾಧಿಯ ಗುರುತೇ ಅಳಿಸಿದಂತೆ. ಆದ್ದರಿಂದ ಪ್ರತಿ ವಸ್ತುವನ್ನೂ ಇದ್ದಲ್ಲೇ ಚಿತ್ರ ತೆಗೆದು, ನಕ್ಷೆಗೆ ಏರಿಸುವವರೆಗೆ ಒಂದು ಎಲೆಯನ್ನೂ ಗುಡಿಸಬಾರದು.

ನೆಲ ಭೇದಿಸುವ ರಾಡಾರು ಮೂರನೇ ಹೆಜ್ಜೆ. ಹುಲ್ಲು ಕತ್ತರಿಸುವ ಗಾಡಿಯಂಥ ಯಂತ್ರವನ್ನು 25ರಿಂದ 50 ಸೆಂಟಿಮೀಟರ್ ಅಂತರದ ಸಾಲುಗಳಲ್ಲಿ ತಳ್ಳಿಕೊಂಡು ಹೋಗುತ್ತಾರೆ. ಸಮಾಧಿ ಹುಡುಕಲು ಸಾಮಾನ್ಯವಾಗಿ 400 ಮೆಗಾಹರ್ಟ್ಸ್ ಆಸುಪಾಸಿನ ಆಂಟೆನಾ ಬಳಸುತ್ತಾರೆ. ಒಣ ಮರಳುಮಣ್ಣಿನಲ್ಲಿ ಎರಡು ಮೂರು ಮೀಟರ್ ಆಳದವರೆಗೆ ಚೆನ್ನಾಗಿ ಕಾಣುತ್ತದೆ. ರಾಡಾರು ಎಲುಬನ್ನು ತೋರಿಸುತ್ತದೆ ಎಂಬುದು ತಪ್ಪು ತಿಳಿವಳಿಕೆ. ಒಮ್ಮೆ ಅಗೆದು ತುಂಬಿದ ಮಣ್ಣಿಗೂ ಸುತ್ತಲಿನ ಗಟ್ಟಿ ನೆಲಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಅದು ಹಿಡಿಯುತ್ತದೆ. ಜೇಡಿಮಣ್ಣು, ಉಪ್ಪುಮಣ್ಣಿನಲ್ಲಿ ಅಲೆಗಳು ಮೇಲ್ಪದರದಲ್ಲೇ ಸತ್ತುಹೋಗುತ್ತವೆ. ಮರದ ಬೇರು, ಇಟ್ಟಿಗೆ ಚೂರು, ಹಳೆಯ ಪೈಪು ಸಮಾಧಿಯಂತೆ ತೋರಬಹುದು. ಬರೀ ಬಟ್ಟೆ ಸುತ್ತಿ ಹೂಳಿದವರದ್ದು, ಎಳೆಯ ಮಕ್ಕಳದ್ದು ಕಣ್ತಪ್ಪಿಹೋಗುತ್ತದೆ. ಮಕ್ಕಳ ಪಾಲು ಎಷ್ಟು ದೊಡ್ಡದೆಂದು ನ್ಯೂಯಾರ್ಕಿನ ಲೆಕ್ಕ ನೋಡಿದ ಮೇಲೆ, ರಾಡಾರು ಕೊಟ್ಟ ಸಂಖ್ಯೆಯನ್ನು ಕನಿಷ್ಠ ಸಂಖ್ಯೆ ಎಂದು ಮಾತ್ರ ಓದಬೇಕು. 'ಇಲ್ಲಿ ಸಮಾಧಿಗಳಿಲ್ಲ' ಎಂಬ ರಾಡಾರು ವರದಿ ಹಿಡಿದು ಕಟ್ಟಡಕ್ಕೆ ಪರವಾನಗಿ ಕೇಳುವವರಿದ್ದಾರೆ. ಬ್ರಾಡ್‌ವೇಯಂತೆ ಹತ್ತಾರು ಅಡಿ ತುಂಬುಮಣ್ಣಿನ ಕೆಳಗೆ ಹೂತವರನ್ನು ಈ ಯಂತ್ರ ಕಾಣುವುದೇ ಇಲ್ಲ.

ಅನುಮಾನ ಉಳಿದಲ್ಲಿ ಮೇಲ್ಮಣ್ಣು ಸರಿಸಿ ನೋಡುವ ಕ್ರಮವಿದೆ. ಹಲ್ಲಿಲ್ಲದ, ನಯ ಅಂಚಿನ ಬಕೆಟ್ಟಿನಿಂದ ಮೇಲಿನ ಪದರವನ್ನು ತೆಳ್ಳಗೆ ಎತ್ತಿ, ನಂತರ ಕರಣೆಯಿಂದ ಕೈಯಲ್ಲೇ ಕೆರೆಯುತ್ತಾರೆ. ಗುಣಿಯ ಬಾಯಿ ಬೇರೆ ಬಣ್ಣದ ಆಯತವಾಗಿ ಎದ್ದು ಕಾಣುತ್ತದೆ. ಅಲ್ಲಿಗೇ ನಿಲ್ಲಿಸಬೇಕು. ಅಳತೆ ತೆಗೆದು, ಮೇಲೆ ಜವಳಿ ಹಾಳೆ ಹಾಸಿ, ಶುದ್ಧ ಮರಳು ಹರಡಿ ಮುಚ್ಚುತ್ತಾರೆ. ಜಾರ್ಜ್ ವಾಷಿಂಗ್ಟನ್ ಅವರ ಮೌಂಟ್ ವರ್ನನ್ ಎಸ್ಟೇಟಿನಲ್ಲಿ 2014ರಿಂದ ಗುಲಾಮರ ಸ್ಮಶಾನವನ್ನು ಹೀಗೆಯೇ, ಯಾರನ್ನೂ ಎಬ್ಬಿಸದೆ, ಗುರುತಿಸುತ್ತಾ ಬಂದಿದ್ದಾರೆ. ಅಲ್ಲಿ 1929ರಲ್ಲೇ ಒಂದು ಫಲಕ ಹಾಕಿದ್ದರು, 1983ರಲ್ಲಿ ಹೊವಾರ್ಡ್ ವಿದ್ಯಾರ್ಥಿಗಳ ವಿನ್ಯಾಸದ ಸ್ಮಾರಕ ಬಂತು. ಯಾರು ಎಲ್ಲಿದ್ದಾರೆ ಎಂಬ ನಕ್ಷೆ ಬಂದದ್ದು ಅದೂ ಆಗಿ ಮೂವತ್ತು ವರ್ಷಗಳ ನಂತರ. ಕೊನೆಯ ಗುಣಿಯ ಆಚೆಗೂ 25ರಿಂದ 50 ಅಡಿ ಬಿಟ್ಟು ಗಡಿ ಎಳೆಯುವುದು ಒಳ್ಳೆಯ ಪದ್ಧತಿ. ಅಂಚಿನಲ್ಲಿ ಹೂತವರೇ ಹೆಚ್ಚಾಗಿ ಗುರುತಿಲ್ಲದವರು.

ಮರಳಿ ಮಣ್ಣಿಗೆ

ನ್ಯೂಯಾರ್ಕಿನ 419 ಮಂದಿ ಮರಳಿ ಮಣ್ಣು ಸೇರಲು ಹತ್ತು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಅಧ್ಯಯನದ ಹಣದ ಬಗ್ಗೆ ಇಲಾಖೆಗೂ ವಿಶ್ವವಿದ್ಯಾಲಯಕ್ಕೂ ತಿಕ್ಕಾಟ ನಡೆದದ್ದು ಇದಕ್ಕೆ ದೊಡ್ಡ ಕಾರಣ. 2003ರ ಅಕ್ಟೋಬರಿನಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಒಬ್ಬ ಹುಡುಗ, ಒಬ್ಬ ಹುಡುಗಿಯ ಶವಪೆಟ್ಟಿಗೆಗಳನ್ನು ಮುಂದಿಟ್ಟುಕೊಂಡು ವಾಷಿಂಗ್ಟನ್‌ನಿಂದ ಬಾಲ್ಟಿಮೋರ್, ವಿಲ್ಮಿಂಗ್ಟನ್, ಫಿಲಡೆಲ್ಫಿಯಾ ಮಾರ್ಗವಾಗಿ ಮೆರವಣಿಗೆ ಬಂತು. ನ್ಯೂಯಾರ್ಕಿನಲ್ಲಿ ಅವರನ್ನು ಇಳಿಸಿದ್ದು ವಾಲ್ ಸ್ಟ್ರೀಟ್ ತುದಿಯ ಹಡಗುಕಟ್ಟೆಯಲ್ಲಿ. 1711ರಲ್ಲಿ ನಗರ ತನ್ನ ಗುಲಾಮ ಸಂತೆಯನ್ನು ತೆರೆದದ್ದು ಆ ಬೀದಿಯಲ್ಲೇ. ಘಾನಾದಲ್ಲಿ ಕೈಯಿಂದ ಕೆತ್ತಿಸಿದ ಮರದ ಪೆಟ್ಟಿಗೆಗಳಲ್ಲಿ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಇಟ್ಟು, ಅವನ್ನು ಏಳು ದೊಡ್ಡ ಪೆಟ್ಟಿಗೆಗಳಲ್ಲಿ ಜೋಡಿಸಿ ಹೂಳಿದರು. ಇವತ್ತು ಅಲ್ಲಿ ಕಾಣುವ ಏಳು ಹುಲ್ಲು ದಿಬ್ಬಗಳು ಅವೇ. ಸಮಾಧಿಯಲ್ಲಿ ಸಿಕ್ಕ ಮಣಿ, ಕವಡೆಗಳೂ ಅಸ್ಥಿಗಳ ಜೊತೆಗೇ ಹೋದವು. ಸಂಶೋಧಕರಿಗೆ ಇದು ನಷ್ಟ ಎಂಬ ವಾದ ಇದೆ. ಆ ವಾದಕ್ಕೆ ತೂಕವಿಲ್ಲ. ಸತ್ತವರ ಮೈಮೇಲೆ ಅವರ ಬಂಧುಗಳು ತೊಡಿಸಿದ್ದು ಸತ್ತವರಿಗೆ ಸೇರಿದ್ದು. ಹತ್ತು ವರ್ಷದ ಅಳತೆ, ಚಿತ್ರ, ದಾಖಲೆ ಉಳಿದೇ ಇವೆ.

ಎಲ್ಲ ಕಡೆ ಇಷ್ಟು ಬೇಗ ಆಗಿಲ್ಲ. ದಕ್ಷಿಣ ಅಟ್ಲಾಂಟಿಕ್‌ನ ಸೇಂಟ್ ಹೆಲೀನಾ ದ್ವೀಪಕ್ಕೆ, ಬ್ರಿಟಿಷ್ ನೌಕಾಪಡೆ ಗುಲಾಮರ ಹಡಗುಗಳಿಂದ ಬಿಡಿಸಿದ ಆಫ್ರಿಕನ್ನರನ್ನು 1840ರಿಂದ ತಂದು ಇಳಿಸುತ್ತಿದ್ದರು. ಹಡಗಿನಲ್ಲೇ ಕಾಯಿಲೆ ಹತ್ತಿದ್ದ ಸಾವಿರಾರು ಮಂದಿ ಅಲ್ಲಿನ ರೂಪರ್ಟ್ ಕಣಿವೆಯಲ್ಲಿ ಸತ್ತರು. ವಿಮಾನ ನಿಲ್ದಾಣದ ರಸ್ತೆಗಾಗಿ 2008ರಲ್ಲಿ ತೆಗೆದ 325 ಮಂದಿಯ ಅಸ್ಥಿಗಳು ದಾಸ್ತಾನು ಕೋಣೆಯಲ್ಲೇ ಇದ್ದು, ಮಣ್ಣು ಕಂಡದ್ದು 2022ರ ಆಗಸ್ಟಿನಲ್ಲಿ. ರಸ್ತೆಯ ಅಂದಾಜುಪಟ್ಟಿಯಲ್ಲಿ ಅಗೆತಕ್ಕೆ ಹಣ ಇಟ್ಟು ಮರುಸಂಸ್ಕಾರಕ್ಕೆ ದಿನಾಂಕವನ್ನಾಗಲಿ ಹಣವನ್ನಾಗಲಿ ಕಟ್ಟುನಿಟ್ಟಾಗಿ ಇಡದಿದ್ದರೆ ಇದೇ ಗತಿ. ಅಗೆಯಲು ಸಹಿ ಹಾಕುವ ಒಪ್ಪಂದದಲ್ಲೇ ಮರಳಿ ಹೂಳುವ ಜಾಗ, ಗಡುವು, ವೆಚ್ಚ ಮೂರನ್ನೂ ಬರೆಸಿಕೊಳ್ಳಬೇಕು.

ಕೇಪ್ ಟೌನಿನಲ್ಲಿ ನಡೆದದ್ದು ಇನ್ನೂ ನೋವಿನದು. 2003ರಲ್ಲಿ ಪ್ರೆಸ್ಟ್‌ವಿಚ್ ಬೀದಿಯ ಕಟ್ಟಡ ಕಾಮಗಾರಿಯಲ್ಲಿ, ಗುಲಾಮರೂ ಬಡವರೂ ಸೇರಿದ ಸ್ಮಶಾನದಿಂದ 2,500ಕ್ಕೂ ಹೆಚ್ಚು ಮಂದಿಯ ಅಸ್ಥಿಗಳು ಹೊರಬಂದವು. ಅಲ್ಲೇ ಬಿಡಿ ಎಂದು ಜನ ಕೇಳಿದರು, ಅಪಾರ್ಟ್‌ಮೆಂಟ್ ಎದ್ದಿತು. ಅಸ್ಥಿಗಳನ್ನು ಸಮೀಪದ ಸ್ಮಾರಕ ಕಟ್ಟಡದೊಳಗೆ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟರು. ಅದೇ ಕಟ್ಟಡದಲ್ಲಿ ಕಾಫಿ ಅಂಗಡಿಯೂ ತೆರೆಯಿತು. ಡಚ್ ಕಂಪನಿ ಕೇಪ್‌ಗೆ ತಂದ ಗುಲಾಮರಲ್ಲಿ ಬಂಗಾಳ, ಕೋರಮಂಡಲ, ಮಲಬಾರ್ ಕರಾವಳಿಯವರೂ ಇದ್ದರು. ಈ ಸಾಗಾಟ ನಮ್ಮ ಕಡೆಗೂ ಹರಿದಿತ್ತು. ಗುಲಾಮನಾಗಿ ಮಾರಾಟವಾಗಿ ಬಂದು ಅಹಮದ್‌ನಗರದ ಆಡಳಿತ ಹಿಡಿದ ಮಲಿಕ್ ಅಂಬರ್‌ನ ಗೋರಿ ಖುಲ್ದಾಬಾದಿನಲ್ಲಿದೆ. ಪೋರ್ಚುಗೀಸರ ಗೋವಾಕ್ಕೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದ ಆಫ್ರಿಕನ್ನರ ಮೊಮ್ಮಕ್ಕಳು ಯಲ್ಲಾಪುರ, ಹಳಿಯಾಳ, ಅಂಕೋಲೆಯ ಸಿದ್ದಿಗಳಲ್ಲಿದ್ದಾರೆ. ಅವರು ಹಿರಿಯರ ಪೂಜೆಯನ್ನು ಇಂದಿಗೂ ಬಿಟ್ಟಿಲ್ಲ. ಆಳಿದವನಿಗೆ ಗೋರಿ ಎದ್ದಿತು. ದುಡಿದವರಿಗೆ ಕಲ್ಲಿನ ಗುರುತು ಎಲ್ಲೂ ಉಳಿಯಲಿಲ್ಲ, ಅಟ್ಲಾಂಟಿಕ್‌ನ ಆಚೆಯಂತೆಯೇ.

ಕಲ್ಲು ನಿಲ್ಲಿಸಿದ ಮೇಲೆ

ರಾಡ್ನಿ ಲಿಯೋನ್ ವಿನ್ಯಾಸದ ನ್ಯೂಯಾರ್ಕ್ ಸ್ಮಾರಕ 2007ರ ಅಕ್ಟೋಬರಿನಲ್ಲಿ ತೆರೆಯಿತು. ಜನ ಗ್ರಾನೈಟಿನ ಎತ್ತರದ ಕೋಣೆಯನ್ನು ದಾಟಿ ರಸ್ತೆ ಮಟ್ಟಕ್ಕಿಂತ ತಗ್ಗಿನ ವೃತ್ತಾಕಾರದ ಅಂಗಳಕ್ಕೆ ಇಳಿಯುತ್ತಾರೆ, ಸಮಾಧಿಗಳ ಮಟ್ಟದ ಕಡೆಗೆ ಹೋಗುವ ಅನುಭವ ಮೈಗೆ ತಾಗುತ್ತದೆ. ಇಲ್ಲಿ ಕೆತ್ತಿದ ಒಂದು ಗುರುತಿನ ಬಗ್ಗೆ ವಿವಾದ ಉಳಿದಿದೆ. 101ನೇ ಶವಪೆಟ್ಟಿಗೆಯ ಮುಚ್ಚಳದಲ್ಲಿ ಮೊಳೆಗಳಿಂದ ಮೂಡಿಸಿದ್ದ ಹೃದಯದಂಥ ಆಕಾರವನ್ನು, ಪಶ್ಚಿಮ ಆಫ್ರಿಕಾದ ಅಕಾನ್ ಜನರ, 'ಹಿಂದಿನದನ್ನು ಮರಳಿ ತಂದುಕೊ' ಎಂಬರ್ಥದ ಸಂಕೋಫಾ ಚಿಹ್ನೆ ಎಂದು ಓದಿದರು. ಆ ಕಾಲದ ಇಂಗ್ಲಿಷರ ಶವಪೆಟ್ಟಿಗೆಗಳಲ್ಲೂ ಹೃದಯದ ಆಕಾರ ಸಾಮಾನ್ಯವಾಗಿತ್ತು ಎಂದು ಇತಿಹಾಸಕಾರರೊಬ್ಬರು ನಂತರ ತೋರಿಸಿದರು. ಸಮುದಾಯ ಆ ಚಿಹ್ನೆಯನ್ನು ತನ್ನದಾಗಿಸಿಕೊಂಡಿದೆ, ಅದನ್ನು ಅಳಿಸುವ ಮಾತಿಲ್ಲ. ಆದರೆ ಬದಲಾಗಬಹುದಾದ ವ್ಯಾಖ್ಯಾನ, ಸಮಾಧಿಗಳ ಸಂಖ್ಯೆ ಮುಂತಾದವನ್ನು ಬದಲಿಸಬಹುದಾದ ಫಲಕದಲ್ಲಿ ಬರೆದು, ಗ್ರಾನೈಟಿಗೆ ಖಚಿತವಾದದ್ದನ್ನಷ್ಟೇ ಬಿಡುವುದು ಒಳ್ಳೆಯದು.

ಸಣ್ಣ ಊರುಗಳ ಸ್ಮಾರಕಗಳು ಕೆಡುವುದು ಬೇರೆ ಕಾರಣಕ್ಕೆ. ಫಲಕದ ಕಂಬ, ಬೇಲಿಯ ಗೂಟ, ದೀಪದ ಕೇಬಲ್ಲು, ತುಂತುರು ನೀರಾವರಿಯ ಪೈಪು, ನೆರಳಿಗೆಂದು ನೆಟ್ಟ ಮರದ ಗುಂಡಿ. ಒಂದೊಂದೂ ಒಬ್ಬರ ಸಮಾಧಿಯನ್ನು ಚುಚ್ಚುತ್ತದೆ. ಫಲಕ, ಬೆಂಚುಗಳನ್ನು ಗಡಿಯ ಹೊರಗೆ ಇಡಬೇಕು. ಒಳಗೇ ಬೇಕೆಂದರೆ ನೆಲ ಅಗೆಯದೆ, ಜಲ್ಲಿ ಹಾಸಿನ ಮೇಲೆ ಕೂರುವ ಚಪ್ಪಡಿ ಸಾಕು. ಕಾಡುಕಲ್ಲುಗಳ ನಡುವೆ ಭಾರದ ಯಂತ್ರ ಓಡಿಸದೆ ಕೈಯಿಂದ ಹುಲ್ಲು ಸವರಬೇಕು. ವಾಲಿದ ಕಲ್ಲನ್ನು ನೆಟ್ಟಗೆ ಮಾಡಬಾರದು, ಬ್ಲೀಚ್ ಹಾಕಿ ತಿಕ್ಕಬಾರದು.

ರಿಚ್ಮಂಡ್ ನಗರದ ಅನುಭವ ನೆಲದ ಹಕ್ಕಿನ ಪಾಠ ಕಲಿಸುತ್ತದೆ. ಗುಲಾಮರ ಬಂಡಾಯ ಸಂಘಟಿಸಿದ ಗೇಬ್ರಿಯಲ್‌ನನ್ನು 1800ರಲ್ಲಿ ಗಲ್ಲಿಗೇರಿಸಿದ ಜಾಗದ ಸುತ್ತಲಿನ ಸ್ಮಶಾನದ ಮೇಲೆ ಕಾರು ನಿಲ್ಲಿಸುತ್ತಿದ್ದರು. ವರ್ಷಗಟ್ಟಲೆ ಹೋರಾಟದ ನಂತರ 2011ರಲ್ಲಿ ಡಾಂಬರು ಕಿತ್ತು ಹುಲ್ಲು ಬೆಳೆಸಿದರು. ಅದೇ ನಗರದ ಶಾಕೋ ಬೆಟ್ಟದ ಸ್ಮಶಾನದಲ್ಲಿ 1816ರಿಂದ 1879ರವರೆಗೆ 22,000ಕ್ಕೂ ಹೆಚ್ಚು ಕರಿಯರನ್ನು ಹೂಳಲಾಗಿತ್ತು ಎಂಬ ಅಂದಾಜಿದೆ. ಅದರ ಮೇಲೆ ರೈಲುಹಳಿ, ಹೆದ್ದಾರಿ, ಪೆಟ್ರೋಲ್ ಬಂಕು ಬಂದವು. 2022ರಲ್ಲಿ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಅದು ಸೇರಿತು. ಆದರೆ ಪಟ್ಟಿಗೆ ಸೇರಿದ್ದರಿಂದ ಖಾಸಗಿ ಮಾಲೀಕನ ಕೈ ಕಟ್ಟಿದಂತಾಗುವುದಿಲ್ಲ, ಹೊಸ ರೈಲುಮಾರ್ಗವೂ ತಾನಾಗಿ ದಾರಿ ಬದಲಿಸುವುದಿಲ್ಲ.

2022ರ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು ಆಫ್ರಿಕನ್ ಅಮೆರಿಕನ್ ಸ್ಮಶಾನಗಳ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಸ್ಮಶಾನಗಳನ್ನು ಹುಡುಕಲು, ದಾಖಲಿಸಲು, ಕಾಪಾಡಲು ರಾಷ್ಟ್ರೀಯ ಉದ್ಯಾನ ಸೇವೆಯ ಮೂಲಕ ವರ್ಷಕ್ಕೆ 30 ಲಕ್ಷ ಡಾಲರ್‌ವರೆಗೆ ಅನುದಾನ ಕೊಡಲು ಅದು ದಾರಿ ಮಾಡಿತು. ಮೂವತ್ತು ವರ್ಷ ಹಿಂದೆ ನ್ಯೂಯಾರ್ಕಿನ ಒಂದೇ ಸ್ಥಳಕ್ಕೆ ಒದಗಿಸಿದ್ದು ಇಷ್ಟೇ ಮೊತ್ತ. ಈಗ ಅದನ್ನು ಇಡೀ ದೇಶ ಹಂಚಿಕೊಳ್ಳಬೇಕು. ಕೆಲಸ ನಿಲ್ಲಿಸುವ ಅಧಿಕಾರವನ್ನು ಈ ಕಾಯ್ದೆಯೂ ವಂಶಸ್ಥರಿಗೆ ಕೊಟ್ಟಿಲ್ಲ.

ಇರುವ ಅಲ್ಪ ಹಣವನ್ನು ಊರುಗಳು ಮೊದಲು ಎಲ್ಲಿ ಹಾಕಬೇಕು? ಶಿಲ್ಪಕ್ಕಂತೂ ಅಲ್ಲ. ಮೊದಲು ಅಳತೆಯ ನಕ್ಷೆ. ಎರಡನೆಯದು, ಆ ಗಡಿಯನ್ನು ನೆಲದ ಕ್ರಯಪತ್ರಕ್ಕೇ ಸೇರಿಸುವ ಶಾಶ್ವತ ಸಂರಕ್ಷಣಾ ಕರಾರು: ಮಾಲೀಕ ಬದಲಾದರೂ ಅಗೆಯುವಂತಿಲ್ಲ, ವಂಶಸ್ಥರು ಬಂದು ಹೋಗುವ ದಾರಿ ಮುಚ್ಚುವಂತಿಲ್ಲ, ಕರಾರು ಮುರಿದರೆ ದಾವೆ ಹೂಡುವ ಹಕ್ಕು ವಂಶಸ್ಥರ ಸಂಸ್ಥೆಗೆ ಇರುತ್ತದೆ. ಮೂರನೆಯದು, ನಗರಸಭೆಯ ಪರವಾನಗಿ ವಿಭಾಗದ ಡಿಜಿಟಲ್ ನಕ್ಷೆಯಲ್ಲಿ ಅದೇ ಗಡಿ. ಚರಂಡಿ ಪೈಪಿಗೋ ಇಂಟರ್ನೆಟ್ ಕೇಬಲ್ಲಿಗೋ ಅರ್ಜಿ ಬಂದ ಕ್ಷಣ ಗುಮಾಸ್ತರ ಪರದೆಯಲ್ಲಿ ತಡೆ ಬೀಳಬೇಕು, ವಂಶಸ್ಥರ ಸಮಿತಿಯ ಲಿಖಿತ ಒಪ್ಪಿಗೆ ಇಲ್ಲದೆ ಆ ತಡೆ ತೆರವಾಗಬಾರದು.